ಅಮಾವಾಸ್ಯೆಗೆ ಮೊದಲೇ ಮುಗಿದ ತಿಂಗಳು

ದರ ಏರಿದೆ ಎಂದು ಎದುರಿಗೆ ನಿಂತು ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟವನು ನಾನು. ನೂಲಿನ ದರ ಏರಿದಾಗ ನಾನೂ ಗಿರಾಕಿಯ ಮುಖ ನೋಡಿಯೇ ಹೇಳುತ್ತೇನೆ, ಅವರು ನನ್ನ ಮುಖ ನೋಡಿ ಬಯ್ಯುತ್ತಾರೆ, ಇಬ್ಬರಿಗೂ ಸಮಾಧಾನವಾಗುತ್ತದೆ. ಫೋನ್ ಕಂಪನಿಗೆ ಮುಖವೇ ಇಲ್ಲ. ಫೋನಿನಲ್ಲೇ ಬಯ್ಯೋಣವೆಂದರೆ ಮರಾಠಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಎನ್ನುತ್ತಾರೆ. ಮರಾಠಿಯಲ್ಲಿ ಬಯ್ಯಲು ನನಗೆ ಚೆನ್ನಾಗಿಯೇ ಬರುತ್ತದೆ, ಆದರೆ ಕನ್ನಡದ ರುಚಿ ಅದಕ್ಕಿಲ್ಲ.

ನಮ್ಮ ಅಂಗಡಿಯಲ್ಲಿ ಪ್ರತಿ ಅಮಾವಾಸ್ಯೆಗೆ ಗಲ್ಲಾಪೆಟ್ಟಿಗೆಯ ಪೂಜೆ. ಅಪ್ಪನ ಕಾಲದಲ್ಲಿ ಪಕ್ಕದಲ್ಲಿ ಗಜಕೋಲು ಇರುತ್ತಿತ್ತು, ನನ್ನ ಕಾಲಕ್ಕೆ ಮೊಬೈಲೂ ಸೇರಿತು. ಕಾಯಿ ಒಡೆದು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಮೊಬೈಲಿಗೂ ಕುಂಕುಮ ಹಚ್ಚಿ, ಎದುರಿನ ಅಂಗಡಿಗೆ ಒಯ್ದು ತಿಂಗಳ ರಿಚಾರ್ಜ್ ಮಾಡಿಸುತ್ತೇನೆ. ಕುಂಕುಮ ತೂತಿನೊಳಗೆ ಹೋಗಿ ಎಲ್ಲರ ದನಿಯೂ ನೆಗಡಿಯಾದಂತೆ ಕೇಳುತ್ತದೆ ಎಂಬುದು ಹೆಂಡತಿಯ ದೂರು. ಇರಲಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು, ಪ್ಯಾಕೂ ಒಂದು ತಿಂಗಳು. ಪಂಚಾಂಗವನ್ನೂ ಕಂಪನಿಯನ್ನೂ ಒಟ್ಟಿಗೇ ನಂಬಿ ಸುಖವಾಗಿದ್ದೆ.

ಹೋದ ಅಮಾವಾಸ್ಯೆಗೆ ಎದುರಿನ ಅಂಗಡಿಯವನು ಫೋನ್ ನೋಡಿ, ಇದು ಮೊನ್ನೆಯೇ ಬಂದ್ ಆಗಿದೆ ಎಂದ. ಕಳೆದ ಸಲ ದರ ಏರಿತ್ತೇನೋ, ನಾನು ಕಡಿಮೆ ಕೊಟ್ಟೆನೇನೋ ಎಂದು ವಿಚಾರಿಸಿದೆ.

"ರೇಟ್ ಏನೂ ಏರಿಲ್ರಿ ಸಾವ್ಕಾರ್ರ. ದಿನಾ ಅಷ್ಟ ಕಮ್ಮಿ ಮಾಡ್ಯಾರ. ಈಗ ಇಪ್ಪತ್ತೆಂಟ ದಿನಕ್ಕ ತಿಂಗಳಾ ಮುಗೀತದ."

ಮಾಡುವ ಕರೆ ಮಾತ್ರವಲ್ಲ, ಬರುವ ಕರೆಯೂ ನಿಂತಿತ್ತು. ಕಂಪನಿ ತಿಳಿಸಿತ್ತಂತೆ, ಜಾಹೀರಾತುಗಳ ನಡುವೆ, ಇಂಗ್ಲಿಷಿನಲ್ಲಿ. ಚಾದರ ನಾಲ್ಕು ಬೆರಳು ಗಿಡ್ಡವಾದರೆ ಕಣ್ಣಳತೆಯಲ್ಲೇ ಹಿಡಿಯುವ ನನಗೆ ತಿಂಗಳು ಗಿಡ್ಡವಾದದ್ದು ಕಾಣಲಿಲ್ಲ. ವ್ಯಾಪಾರದ ಫೋನು ಮಗನ ಹತ್ತಿರ ಇರುತ್ತದೆ, ನನ್ನದು ಬಂಧುಬಳಗದ ಫೋನು. ಹಾಗಾಗಿ ಅಂಗಡಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ರಿಚಾರ್ಜ್ ಆದ ಮೇಲೆ ಬಂದ ಮೊದಲ ಕರೆ ಅಕ್ಕಲಕೋಟದ ಭಾವನದು. ಸೊಸೆಯ ಮದುವೆಯ ಮಾತು ನಿನ್ನೆ ಗಟ್ಟಿಯಾಯಿತು ಎಂದಷ್ಟೇ ತಿಳಿಸಿ ಇಟ್ಟುಬಿಟ್ಟರು. ಸೊಸೆಯೆಂದರೆ ಅಕ್ಕನ ಮಗಳು, ನಾನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ ಹುಡುಗಿ. ಮಾತು ಗಟ್ಟಿಮಾಡುವಾಗ ಸೋದರಮಾವ ಮುಂದೆ ಕೂರಬೇಕು, ಅದು ನಮ್ಮ ಪದ್ಧತಿ. ಆಮೇಲೆ ತಿಳಿಯಿತು, ಗಂಡಿನವರು ಅವಸರ ಮಾಡಿದ್ದಾರೆ, ಅಕ್ಕ ಎರಡು ದಿನ ನನಗೆ ಫೋನ್ ಹಚ್ಚಿದ್ದಾಳೆ. ತಮ್ಮ ಬೇಕೆಂದೇ ಬಂದ್ ಇಟ್ಟಿದ್ದಾನೆ ಎಂದುಕೊಂಡಿದ್ದಾಳೆ. ನನ್ನ ಹೆಂಡತಿಗೋ ಮಗನಿಗೋ ಹಚ್ಚಿ ಬೇಡಿಕೊಳ್ಳಲು ಅವಳ ಅಭಿಮಾನ ಬಿಟ್ಟಿಲ್ಲ. ನನ್ನ ಜಾಗದಲ್ಲಿ ಕಾಕಾನ ಮಗ ಕುಳಿತು ಎಲೆಅಡಿಕೆ ತೆಗೆದುಕೊಂಡನಂತೆ. ಕೇಳಿ ನನಗೆ ಬಹಳ ಸಂಕಟವಾಯಿತು.

ಅಂಗಡಿ ಮಗನಿಗೆ ಬಿಟ್ಟು ಅಕ್ಕಲಕೋಟದ ಬಸ್ ಹತ್ತಿದೆ. ಕುಂಭಾರಿ ದಾಟುವಷ್ಟರಲ್ಲಿ ಮನಸ್ಸಿನಲ್ಲಿ ಒಂದು ಭಾಷಣ ಸಿದ್ಧವಾಗಿತ್ತು. ಅಕ್ಕನ ಮನೆಯಲ್ಲಿ ಅಕ್ಕ ನೀರು ಕೊಟ್ಟಳು, ಮುಖ ಕೊಡಲಿಲ್ಲ. ತಂಬಿಗೆ ಹಿಡಿದುಕೊಂಡೇ ಭಾಷಣ ಶುರುಮಾಡಿದೆ. ದರ ಏರಿಸದೆ ದಿನ ಕದಿಯುವುದು ಎಂಥ ಅನ್ಯಾಯ, ಅದೂ ಎಷ್ಟು ಬೇಕಾದರೂ ಮಾತಾಡಿಕೊಳ್ಳಿ ಎಂದು ಕೊಟ್ಟ ಪ್ಯಾಕಿನಲ್ಲಿ, ನನಗೆ ಸುಳಿವೇ ಸಿಗಲಿಲ್ಲ ಎಂದೆಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು.

"ಎರಡ ದಿನಾ ಫೋನ್ ಸತ್ತ ಬಿದ್ದಿತ್ತು, ನಿನಗ ಗೊತ್ತ ಆಗ್ಲಿಲ್ಲ. ಹೌದಿಲ್ಲೋ ತಮ್ಮಾ?"

ಅಕ್ಕ ನನ್ನ ಕಡೆಗೆ ಬಂದಳೆಂದು ಖುಷಿಯಾಗಿ ಜೋರಾಗಿ ತಲೆಯಾಡಿಸಿದೆ.

"ಒಂದ ಸರ್ತಿ ನೀ ನನಗ ಹಚ್ಚಿದ್ರ ಗೊತ್ತಾಗತಿತ್ತಲ್ಲ."

ನಾನಾಗಿ ಅಕ್ಕನಿಗೆ ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳತೊಡಗಿದೆ. ತಂಬಿಗೆಯ ನೀರು ಮುಗಿಯಿತು, ನೆನಪಾಗಲಿಲ್ಲ.