ಮನೆಗಾಡಿಯ ಮೇಲಿನ ಬಿಸಿಲು

ಹಗಲುಗನಸು ಕಾಣುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಪರೀಕ್ಷೆಯ ಕೊಠಡಿಯಲ್ಲಿ ಹುಡುಗರನ್ನು ಕಾಯುತ್ತ ನಿಂತವನು ಕಿಟಕಿಯಾಚೆಯ ಮೋಡವೊಂದನ್ನು ಹತ್ತಿ ಹಂಪಸಾಗರದ ಹೊಳೆದಂಡೆಗೆ ಹೋಗಿಬಂದದ್ದೂ ಉಂಟು. ಅಷ್ಟರಲ್ಲಿ ಹುಡುಗರು ಬೇಕಾದ ಉತ್ತರಗಳನ್ನೆಲ್ಲ ಒಬ್ಬರಿಂದೊಬ್ಬರು ಇಳಿಸಿಕೊಂಡು ನನ್ನನ್ನು ಮನಸಾರೆ ಹರಸಿರುತ್ತಿದ್ದರು. ಆದರೆ ಈ ಚಟ ನನ್ನನ್ನು ಏಣಿ ಹತ್ತಿಸಿ ಒಂದು ಚಾವಣಿಯ ಮೇಲೆ ಕೂರಿಸೀತು ಎಂದು ನಾನು ಎಣಿಸಿರಲಿಲ್ಲ.

ಮೇಷ್ಟ್ರ ನೌಕರಿ ಎಂದರೆ ವರ್ಗಾವಣೆ. ಕೂಡ್ಲಿಗಿ ಆಯಿತು, ಹಡಗಲಿ ಆಯಿತು, ಹರಪನಹಳ್ಳಿ ಆಯಿತು, ಆಮೇಲೆ ಕೊಟ್ಟೂರು. ಪ್ರತಿ ಸಲವೂ ನನ್ನ ಹೆಂಡತಿ ಗಿರಿಜಾ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ, ದಬ್ಬಣದಿಂದ ಬಾಯಿ ಹೊಲಿದು, ಹೊಸ ಊರಿನಲ್ಲಿ ಬಿಚ್ಚುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಅವಳು ಚೀಲ ಹೊಲಿಯದೆ ಊರು ಬಿಟ್ಟದ್ದೇ ಇಲ್ಲ. ಒಮ್ಮೆಯಾದರೂ ಅವಳ ಕೈಗೆ ದಬ್ಬಣ ಕೊಡದೆ ಊರು ಬಿಡಿಸಬೇಕೆಂದು ನಾನು ಎಣಿಸುತ್ತಲೇ ಇದ್ದೆ. ತೊಂಬತ್ತರ ದಶಕದ ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಯಾವುದೋ ಸರ್ವೆ ತಂಡದವರ ಹಳೆಯ ಟ್ರೇಲರ್ ಹರಾಜಿಗೆ ಬಂತು. ಒಳಗೆ ಎರಡು ಮಂಚ, ಒಂದು ಒಲೆಕಟ್ಟೆ, ಪಾತ್ರೆಗೆ ಕಪಾಟು, ತಲೆಯ ಮೇಲೊಂದು ಪುಟ್ಟ ಫ್ಯಾನು. ಟ್ರ್ಯಾಕ್ಟರಿಗೆ ಕಟ್ಟಿದರೆ ಮನೆಯೇ ಹೊರಡುತ್ತದೆ, ಪಾತ್ರೆ ಇದ್ದಲ್ಲೇ ಇರುತ್ತದೆ. ನನ್ನ ಕೈ ತಾನಾಗಿಯೇ ಮೇಲೆದ್ದಿತು.

ಗಾಡಿ ಅಂಗಳಕ್ಕೆ ಬಂದಾಗ ಗಿರಿಜಾ ಅದನ್ನು ಒಂದು ಸುತ್ತು ಹಾಕಿ ನೋಡಿದಳು. "ಇರೋ ಮನಿ ಬಾಡಿಗೀದು. ಗಾಲಿ ಇರೋದು ಇದೊಂದು ಸ್ವಂತದ್ದು," ಎಂದಳು. ದಸರಾ ರಜೆಯಲ್ಲಿ ಹಂಪಸಾಗರಕ್ಕೆ ಹೋಗೋಣ ಎಂದೆ. ಅವಳಿಗೆ ಮಧ್ಯಾಹ್ನ ಫ್ಯಾನಿಲ್ಲದೆ ಕಣ್ಣು ಮುಚ್ಚುವುದಿಲ್ಲ, ಗಾಡಿಯ ಫ್ಯಾನಿಗೋ ಕರೆಂಟಿಲ್ಲ. ಹೊಳಲಿನ ಗುಡಿಯಲ್ಲಿ ಅನಂತಶಯನ ಇಷ್ಟು ಕಾಲ ಫ್ಯಾನಿಲ್ಲದೆ ಮಲಗಿಲ್ಲವೇ ಎಂದು ಕೇಳಿದೆ.

"ಆತಗ ಹೆಡಿ ನೆರಳೈತಿ, ಕಾಲೊತ್ತಾಕ ಲಕ್ಷ್ಮಿ ಅದಾಳ. ನನಗ ಯಾರದಾರ? ಶನಿವಾರದೊಳಗ ಫ್ಯಾನು ತಿರುಗಲಿಲ್ಲಂದ್ರ ಭಾನುವಾರ ಗುಜರಿಯಾವನ್ನ ಕರಿತೀನಿ."

ಪಕ್ಕದ ಮನೆಯವರ ಟ್ರ್ಯಾಕ್ಟರೂ ಆ ಶನಿವಾರ ಮಾತ್ರ ಬಿಡುವಾಗಿತ್ತು. ಗಾಡಿಯ ಚಾವಣಿಯ ಮೇಲೆ ಎರಡು ತಂತಿಯ ಕೊಂಡಿಗಳು ಮೊದಲೇ ಇದ್ದವು. ಸರ್ವೆಯವರು ಸೋಲಾರ್ ಫಲಕ ಬಿಚ್ಚಿಕೊಂಡು ಕೊಂಡಿ ಬಿಟ್ಟುಹೋಗಿದ್ದರು. ಹೊಸ ಫಲಕ ತಂದು ಅದಕ್ಕೆ ಸಿಕ್ಕಿಸಿದರೆ ಬಿಸಿಲು ಒಳಗಿನ ಬ್ಯಾಟರಿಗೆ ಇಳಿಯುತ್ತದೆ, ಅಲ್ಲಿಂದ ಫ್ಯಾನಿಗೆ ಹೋಗಿ ಗಾಳಿಯಾಗುತ್ತದೆ. ನಮ್ಮ ಸೀಮೆಯ ಆ ಬಿಸಿಲೇ ತಂಗಾಳಿಯಾಗುವ ವಿಚಾರ ನನಗೆ ಎಷ್ಟು ಹಿಡಿಸಿತೆಂದರೆ, ಎರಡು ದಿನ ಅದನ್ನೇ ಮೆಲುಕು ಹಾಕುತ್ತ ಫಲಕ ತರುವುದನ್ನೇ ಮರೆತೆ.

ಕೊನೆಗೆ ಫಲಕ ತಂದೆ. ಎರಡೂ ತಂತಿ ಕಪ್ಪು, ಪ್ಲಸ್ ಯಾವುದು ಮೈನಸ್ ಯಾವುದು ತಿಳಿಯದು. ರೇಡಿಯೋ ರಿಪೇರಿಯ ಗೆಳೆಯ ಶೇಕ್ಷಾವಲಿ ಮೀಟರ್ ಹಚ್ಚಿ ನೋಡಿ, ಕೆಂಪು ದಾರದ ಗುರುತು ಕಟ್ಟಿ, ಸಿಕ್ಕಿಸಿಕೊಟ್ಟ. ಅಂಗಡಿಯಲ್ಲಿ ತುಂಬಿಸಿ ತಂದ ಬ್ಯಾಟರಿಯ ಬಲದಿಂದ ಫ್ಯಾನು ಗಿರ್ರೆಂದಿತು. ಮಾರನೆಯ ದಿನ ಆಯುಧಪೂಜೆ. ಮನೆಯ ಕುಡುಗೋಲು, ಸೈಕಲ್ಲು, ಇಸ್ತ್ರಿಪೆಟ್ಟಿಗೆಗಳಿಗೆಲ್ಲ ವಿಭೂತಿ ಹಚ್ಚಿದವನು ಏಣಿ ಹಾಕಿ ಫಲಕಕ್ಕೂ ಹಚ್ಚಿದೆ. ತೆಳ್ಳಗೆ ಹಚ್ಚುವವರನ್ನು ಕಂಡರೆ ನನಗಾಗದು. ಅಂಗೈ ತುಂಬ ಕಲಸಿ ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಪಟ್ಟೆ ಎಳೆದು, ಮೇಲೆ ಚೆಂಡುಹೂವಿನ ಸರ ಇಟ್ಟು ಕೈಮುಗಿದೆ.

ಅಂದು ಸಂಜೆಗೇ ಫ್ಯಾನು ಆಕಳಿಸತೊಡಗಿತು. ಮರುದಿನ ನಿಂತಿತು. ಪೂಜೆ ಸಾಲದೇನೋ ಎಂದು ದಿನಾ ಸ್ನಾನ ಮಾಡಿ ಪಟ್ಟೆಯ ಮೇಲೆ ಪಟ್ಟೆ ಎಳೆದೆ. ಶೇಕ್ಷಾವಲಿ ಮತ್ತೆ ಬಂದ. ಚಪ್ಪಲಿ ಬಿಟ್ಟು ಏಣಿ ಹತ್ತಿದ, ಫಲಕವನ್ನು ನೋಡಿದ, ನನ್ನ ಹಣೆಯನ್ನು ನೋಡಿದ, ಇಳಿದ.

"ಕೊಂಡಿ ಬರೋಬ್ಬರಿ ಅದಾವ್ರಿ ಮಾಸ್ತರ."

"ಮತ್ತ?"

"ನೋಡೂಣ ತಗೋರಿ."

ನಾನು ಕೊಂಡಿಯನ್ನು ಬೈದೆ, ಸರ್ವೆಯವರನ್ನು ಬೈದೆ, ಸೂರ್ಯನನ್ನೂ ಒಂದು ಮಾತು ಅಂದೆ. ಶುಕ್ರವಾರ ರಾತ್ರಿಯೂ ಫ್ಯಾನು ನಿಂತೇ ಇತ್ತು.

ಶನಿವಾರ ಬೆಳಿಗ್ಗೆ ಗಿರಿಜಾ ಸೆರಗು ಸಿಕ್ಕಿಸಿ ತಾನೇ ಏಣಿ ಹತ್ತಿದಳು. "ಏನಿದು, ಕನ್ನಡಿ ಮ್ಯಾಲ ಸುಣ್ಣ ಬಳದಂಗ ಬಳದೀರಿ!" ಎಂದು ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿದಳು. ಅರ್ಧ ಗಂಟೆಯಲ್ಲಿ ಫ್ಯಾನು ಮೆಲ್ಲಗೆ ಮಗ್ಗುಲು ಹೊರಳಿತು, ಆಮೇಲೆ ತಿರುಗಿತು. ಶೇಕ್ಷಾವಲಿಯನ್ನು ಹಿಡಿದು ಕೇಳಿದರೆ, "ಗೊತ್ತಿತ್ರಿ ಮಾಸ್ತರ. ನೀವು ಪೂಜಿ ಮಾಡಿದ್ದನ್ನ ಅಳಸ್ರಿ ಅಂತ ನಾ ಯಾವ ಬಾಯಿಲೆ ಹೇಳ್ಲಿ?" ಎಂದ. ಅವನ ಮರ್ಯಾದೆಗೆ ನನ್ನ ಕಣ್ಣು ತುಂಬಿತು. ನನ್ನ ಬುದ್ಧಿಗೆ ಗಿರಿಜಾಳ ಕಣ್ಣೂ ತುಂಬಿತ್ತು, ಅವಳದು ನಕ್ಕು.

ಅಂದೇ ಟ್ರ್ಯಾಕ್ಟರಿಗೆ ಗಾಡಿ ಕಟ್ಟಿ ಹೊರಟೆವು. ಮಧ್ಯಾಹ್ನ ಹಂಪಸಾಗರದ ದಂಡೆಯಲ್ಲಿ ಊಟವಾಯಿತು. ಗಿರಿಜಾ ಮಂಚದ ಮೇಲೆ ಒರಗಿ, "ಚೀಲ ಹೊಲೀದನ ಊರು ಬಿಟ್ಟೀನಿ ನೋಡ್ರಿ," ಎಂದಳು. ಹಾಗೆನ್ನುತ್ತಲೇ ನಿದ್ದೆ ಹೋದಳು. ಇಷ್ಟಕ್ಕಾಗಿ ಏನೆಲ್ಲ ಮಾಡಿದರೂ ಕಡಿಮೆಯೇ ಅನಿಸಿತು. ನಾನು ಹೊಳೆಯಲ್ಲಿ ಮಿಂದು ಬಂದು, ಬಾಗಿಲಲ್ಲಿ ಕುಳಿತು, ನೀರಿನ ಮೇಲೆ ತೇಲುವ ಬೆಳಕನ್ನು ನೋಡುತ್ತ, ಈ ಗಾಡಿಯಲ್ಲಿ ಕಾಶಿಯವರೆಗೂ ಹೋಗಿಬಿಟ್ಟೆ.

ಕಾಶಿಯಲ್ಲಿದ್ದಾಗಲೇ ಫ್ಯಾನಿನ ಸದ್ದು ಕುಗ್ಗಿತು. ಗಾಬರಿಯಾಗಿ ಹೊರಗೆ ಓಡಿ ಏಣಿ ಹತ್ತಿದೆ. ಮಿಂದು ಬಂದವನು ಹಿಂಡಿದ ನನ್ನ ಧೋತರವನ್ನು ಫಲಕದ ಮೇಲೆ ಮಡಿಕೆ ಬಿಡಿಸಿ, ನೀಟಾಗಿ, ಒಣಹಾಕಿದ್ದೆ. ಸದ್ದಿಲ್ಲದೆ ಎಳೆದುಕೊಂಡು ಇಳಿದೆ. ಫ್ಯಾನು ಚೇತರಿಸಿಕೊಂಡಿತು.

"ಏನಾತ್ರಿ?" ಗಿರಿಜಾ ಅರೆಗಣ್ಣು ತೆರೆದು ಕೇಳಿದಳು.

"ಏನಿಲ್ಲ, ಒಂದು ಮೋಡ ಬಂದಿತ್ತು."

ಅವಳು ಕಿಟಕಿಯಾಚೆ ಆಕಾಶ ನೋಡಿದಳು. ಅಲ್ಲಿ ಒಂದು ಚೂರು ಮೋಡವಿರಲಿಲ್ಲ. ನನ್ನ ಹೆಗಲ ಮೇಲಿನ ಒದ್ದೆ ಧೋತರವನ್ನು ನೋಡಿದಳು. "ಹಂಗಾರ ಆ ಮೋಡನ್ನ ಒಳಗ ಹಗ್ಗಕ್ಕ ಹಾಕ್ರಿ," ಎಂದು ಮಗ್ಗುಲು ಬದಲಿಸಿದಳು.