ಎಡಗಡೆಯ ಜಾಗ ಖಾಲಿ ಐತೆ

ಸರ್ಕಾರದವರು ಕೊಡುತ್ತೇವೆಂದು ಕೈ ಚಾಚಿದರೆ ಆ ಕೈಯ ಜೊತೆಗೂ ಚೌಕಾಸಿ ಮಾಡುವವನು ನಾನು. ನನ್ನ ಸೋದರಮಾವ ಕೊಡುವ ಕೈಯನ್ನೇ ತಿರುಗಿಸಿ ಮನೆಗೆ ಕಳಿಸಿಬಿಡುವ ಆಸಾಮಿ. ತಲೆಯ ಮೇಲೆ ಎಣ್ಣೆ ಡಬ್ಬ ಹೊತ್ತು ಶುರು ಮಾಡಿ ಚಳ್ಳಕೆರೆಯಲ್ಲಿ ಅಂಗಡಿ ಕಂಡ ನನಗೇ ಅವನ ಮುಂದೆ ಬೆವರಿಳಿಯಿತು ಅಂದರೆ ನೋಡಿ!

ಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಅವನು ನೇಯುವ ಹಳೇ ತರದ ದೊಡ್ಡಂಚಿನ ಸೀರೆಗೆ ಒಬ್ಬರು ಸಾಲದು. ನೇಕಾರ ಮಗ್ಗದ ನಡುವೆ ಕೂತರೆ, ಎಡಗಡೆ ಇನ್ನೊಬ್ಬರು ಕೂತು ಅಂಚಿನ ನೂಲು ಸುತ್ತಿದ ಲಾಳಿ ಬಿಡಬೇಕು. ಮದುವೆಯಾದಾಗಿನಿಂದ ಅಲ್ಲಿ ಕೂತವಳು ಅತ್ತೆ. ಇವನು "ಊ" ಅನ್ನಬೇಕು, ಅವಳು ಲಾಳಿ ಬಿಡಬೇಕು. ಸಂಸಾರದ ಮಾತುಕತೆಯೆಲ್ಲ ಅದೊಂದೇ ಅಕ್ಷರದಲ್ಲಿ ಮುಗಿಯುತ್ತಿತ್ತು.

ಹೋದ ವರ್ಷ ಅತ್ತೆ ತೀರಿಕೊಂಡಳು. "ಊ" ಮಾತ್ರ ಹೋಗಲಿಲ್ಲ. ಬಸ್ಸಿನಲ್ಲಿ ಎಡಗಡೆ ಯಾರೇ ಕೂತರೂ ಮಾವ ಸ್ವಲ್ಪ ಹೊತ್ತಿಗೊಮ್ಮೆ "ಊ" ಅನ್ನುತ್ತಾನೆ. ಒಂದು ಸಲ ಪಕ್ಕದ ಹೆಂಗಸು ಚಳ್ಳಕೆರೆಯಿಂದ ಬಿ.ಜಿ. ಕೆರೆವರೆಗೂ ತನ್ನ ಸೊಸೆಯ ದೂರು ಹೇಳಿದಳಂತೆ. ಇಷ್ಟು ಶ್ರದ್ಧೆಯಿಂದ ಕೇಳುವ ಗಂಡಸು ಎಲ್ಲಿ ಸಿಗುತ್ತಾನೆ? ಇಳಿಯುವಾಗ ಬಾಳೆಹಣ್ಣು ಕೊಟ್ಟು ಹೋದಳಂತೆ.

ಮಗ್ಗ ನಿಂತುಹೋಯಿತು. ಆ ಹೊತ್ತಿಗೆ ಊರಲ್ಲಿ ಉದ್ಯಮ ಕೇಂದ್ರ ತೆರೆದಿತ್ತು. ಇಲ್ಲಿನವರಿಗೆ ಇಲ್ಲೇ ಕೆಲಸ ಸಿಗಲಿ ಎಂದು ಸರ್ಕಾರ ದುಡ್ಡು ಹಾಕಿ ಕಟ್ಟಿಸಿದ್ದು. ಇಂಥ ಕಟ್ಟಡ ಕಂಡರೆ ನನ್ನ ಸಲಹೆ ಒಂದೇ: ಹೊರಗೆ ನಿಂತು ಗಾಜಿನ ಬಾಗಿಲು ಹೊಗಳಬೇಡಿ, ಒಳಗೆ ಹೋಗಿ ಏನು ಕೊಡ್ತೀರಿ ಅಂತ ಕೇಳಿ. ಮಾವನನ್ನು ಎಳೆದುಕೊಂಡು ಹೋದೆ.

ಅಲ್ಲಿನ ಮೇಡಂ ಒಳ್ಳೆಯವರು. "ಜೊತೆಗೆ ಪಾರ್ಟ್ನರ್ ಯಾರಿದಾರೆ ಯಜಮಾನ್ರೇ?" ಅಂದರು.

"ನಮ್ಮನೆಯವ್ಳು."

"ಹಂಗಾದ್ರೆ ಕರ್ಕೊಂಡ್ ಬನ್ನಿ."

"ಅವ್ಳು ಬರಂಗಿದ್ರೆ ನಾನ್ಯಾಕ್ ನಿಮ್ ತಾವ ಬರ್ತಿದ್ದೆ ತಾಯೀ?"

ಮೇಡಂ ನನ್ನ ಮುಖ ನೋಡಿದರು. ನಾನು ವಿಷಯ ಹೇಳಿದೆ. ದಾರಿಯನ್ನು ಅವರೇ ಹುಡುಕಿದರು: ಕಲಿಯಲು ಬರುವವರಿಗೆ ಕೇಂದ್ರದಿಂದ ಕೂಲಿ, ಮಾವ ಕಲಿಸಿದರೆ ಸಾಕು. "ಕಲಿಸೋರಿಗೇನ್ರೀ?" ಎಂದು ಕೇಳಿ ಅವನಿಗೂ ಒಂದಿಷ್ಟು ಗಿಟ್ಟಿಸಿದೆ. ಬಾಯಿ ಬಿಡದಿದ್ದರೆ ಯಾರೂ ಕೊಡುವುದಿಲ್ಲ, ನೆನಪಿರಲಿ.

ಬಂದವರನ್ನೆಲ್ಲ ಮಾವ ಓಡಿಸಿದ. ಒಬ್ಬಳ ಬಳೆ ಸದ್ದು ಜಾಸ್ತಿಯಂತೆ. ಇನ್ನೊಬ್ಬಳು ಕೂತರೆ ಸದ್ದೇ ಇಲ್ಲವಂತೆ. ಆಮೇಲೆ ಬಂದವನು ಗಂಡಸು. "ಲೇ, ನನ್ ಹೆಂಡ್ತಿ ಜಾಗಕ್ಕೆ ಮೀಸೆ ತಂದು ಕೂರಿಸ್ತೀಯೇನೋ?" ಎಂದು ನನಗೇ ಬೈದ.

"ಲಾಳಿ ಬಿಡೋಕೆ ಜನ ಹುಡುಕ್ತಿದೀವೋ, ಹೆಣ್ಣು ನೋಡ್ತಿದೀವೋ ಮಾವ?" ಎಂದೆ.

ಆ ದಿನ ಅವನು ಉಣ್ಣಲಿಲ್ಲ.

ಕಡೆಗೆ ಬಿ.ಜಿ. ಕೆರೆಯಿಂದ ಒಬ್ಬಳು ಬಂದಳು. ಇಲ್ಲಿ ಕುದುರದಿದ್ದರೆ ಮಗುವನ್ನು ತವರಲ್ಲಿ ಬಿಟ್ಟು ದೂರದ ಗಾರ್ಮೆಂಟ್ಸ್‌ಗೆ ಹೋಗಬೇಕಾದವಳು. ಇವಳನ್ನೂ ವಾಪಸ್ ಕಳಿಸಿದರೆ ದುಡ್ಡು ಬೇರೆ ಮಗ್ಗಕ್ಕೆ ಹೋಗುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಎಡಗಡೆ ಕೂರಲು ಹೋದಳು.

"ಅಲ್ಲಿ ಬ್ಯಾಡ," ಅಂದ ಮಾವ.

ಮುಗೀತು ಅಂದುಕೊಂಡೆ. ಅವಳು ಚೀಲ ಎತ್ತಿಕೊಂಡಳು.

"ಹೋಗು ಅಂದ್ನೇನಮ್ಮಾ? ನಡುವೆ ಕೂತ್ಕೋ."

"ಅದು ನಿಮ್ ಜಾಗ ಅಲ್ವಾ ತಾತ?"

"ಕಲಿಯೋರು ಅಲ್ಲೇ ಕೂರ್ಬೇಕು."

ಅವಳನ್ನು ನಡುವೆ ಕೂರಿಸಿ, ಮಾವ ತಾನೇ ಎಡಗಡೆಗೆ ಹೋಗಿ ಕೂತ. ಅತ್ತೆಯ ಲಾಳಿ ಎತ್ತಿಕೊಂಡ, ಬಿಡಲಿಲ್ಲ. ಕೈಯಲ್ಲಿ ಹಿಡಿದು ಮಗ್ಗವನ್ನೇ ನೋಡುತ್ತಾ ಕೂತ. ಏನಾಯ್ತು ಮಾವ, ಅಂದೆ.

"ಇಲ್ಲಿಂದ ಬರೀ ಅಂಚೇ ಕಾಣೋದು ಕಣೋ ಅಳಿಯ," ಅಂದ. "ಸೀರೆ ಕಾಣಲ್ಲ. ಎದ್ದು ಈ ಕಡೆ ಬಂದು ನೋಡೇ ಅಂತ ನಿಮ್ಮತ್ತೆಗೆ ಒಂದಿನಾನೂ ಅನ್ಲಿಲ್ಲ ನಾನು."