ಪೈಲ್ವಾನನ ಕೆಮ್ಮು

ಮನುಷ್ಯನ ಸ್ವಭಾವಕ್ಕೂ ಅವನು ಓಡಿಸುವ ವಾಹನಕ್ಕೂ ಹೊಂದಾಣಿಕೆ ಇರಬೇಕೆಂದು ಯಾವ ಸರ್ಕಾರವೂ ಕಾನೂನು ಮಾಡಿಲ್ಲ. ಮಾಡಿದ್ದರೆ ನನಗೆ ಎತ್ತಿನ ಗಾಡಿಗಿಂತ ದೊಡ್ಡದಕ್ಕೆ ಲೈಸೆನ್ಸು ಸಿಗುತ್ತಿರಲಿಲ್ಲ. ನಾನು ನಿಧಾನಸ್ಥ. ಮನೆಗೆ ಬೀಗ ಹಾಕಿ, ಅದನ್ನು ಎಳೆದು ನೋಡಿ, ಕಾರಿನಲ್ಲಿ ಕೂತು, ಮತ್ತೆ ಇಳಿದು ಬಂದು ಇನ್ನೊಮ್ಮೆ ಎಳೆದು ನೋಡುವವನು. ಫ್ರೀವೇಯಲ್ಲಿ ಗಂಟೆಗೆ ಐವತ್ತೈದು ಮೈಲಿ ಎಂದು ಬೋರ್ಡು ಹಾಕಿದ್ದರೆ, ಅಷ್ಟರವರೆಗೆ ಹೋಗಬಹುದು ಎಂದು ಅದರ ಅರ್ಥವೇ ಹೊರತು ಹೋಗಲೇಬೇಕು ಎಂದಲ್ಲ ಎಂದು ನಂಬಿದವನು. ಇಂಥ ನಾನು ಒಂದೇ ಕಾರನ್ನು ಎರಡು ಸಲ ಕೊಂಡಿದ್ದೇನೆ. ಅದು ಅಮೆರಿಕದವರು ಮಸಲ್ ಕಾರು ಎಂದು ಕರೆಯುವ ಜಾತಿಯದು. ಎರಡೇ ಬಾಗಿಲು, ಉದ್ದನೆಯ ಮೂತಿ, ಆ ಮೂತಿಯೊಳಗೆ ಎಂಟು ಸಿಲಿಂಡರಿನ ಎಂಜಿನ್ನು.

ಮೊದಲ ಸಲ ಕೊಂಡಾಗ ಅದು ಅಂಥದ್ದೆಂದು ನನಗೆ ಗೊತ್ತಿರಲಿಲ್ಲ. ಓದು ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಪೆಟ್ರೋಲಿಗೆ ಜನ ಸಾಲು ನಿಲ್ಲುತ್ತಿದ್ದ ಕಾಲ. ಹೆಚ್ಚು ಕುಡಿಯುವ ಕಾರುಗಳನ್ನು ಎಲ್ಲರೂ ಸಿಕ್ಕಿದ ಬೆಲೆಗೆ ಮಾರುತ್ತಿದ್ದರು. ನಾನು ನೋಡಿದ್ದು ಬಣ್ಣ ಮಾತ್ರ: ಚೆನ್ನಾಗಿ ಹಣ್ಣಾದ ರಸಬಾಳೆಯ ಹಳದಿ. ಬೀಗದ ಕೈ ತಿರುಗಿಸಿ ಕಾಲನ್ನು ಮೆಲ್ಲಗೆ ಇಟ್ಟೆನಷ್ಟೆ, ಅದು ದಸರೆಯ ಅಖಾಡದಲ್ಲಿ ತೊಡೆ ತಟ್ಟಿದ ಪೈಲ್ವಾನನ ಹಾಗೆ ಗುಡುಗಿ ಮುಂದಕ್ಕೆ ಹಾರಿತು. ಅಂದಿನಿಂದ ಅದರ ಹೆಸರು ಪೈಲ್ವಾನ. ಅದರೊಳಗೆ ಕೂತ ನಾನು ಗರಡಿಮನೆಯ ಗುಮಾಸ್ತನ ಹಾಗೆ ಕಾಣುತ್ತೇನೆಂದು ಗೆಳೆಯರು ಹೇಳುತ್ತಿದ್ದರು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ತರುಣರು ತಮ್ಮ ಎಂಜಿನ್ನನ್ನು ಗುರ್ರೆನಿಸಿ ಪಂದ್ಯಕ್ಕೆ ಕರೆದರೆ, ನಾನು ಗಾಜು ಇಳಿಸಿ, “ಪ್ಲೀಸ್, ಯು ಗೋ ಫಸ್ಟ್” ಎನ್ನುತ್ತಿದ್ದೆ.

ಆಮೇಲೆ ಮದುವೆಯಾಯಿತು. ಮೈಸೂರಿನಿಂದ ವಿಮಲ ಬಂದಳು. ಕ್ಯಾಲಿಫೋರ್ನಿಯದ ಸನ್ನಿವೇಲಿನಲ್ಲಿ ನಮ್ಮದೊಂದು ಸಣ್ಣ ಅಪಾರ್ಟ್‌ಮೆಂಟು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಮೂಗಿಗೆ ಬರುವುದು ದೋಸೆಯ ವಾಸನೆ. ಆಫೀಸಿನಿಂದ ನಾನು ಆರಕ್ಕೇ ಬರಲಿ, ಎಂಟಕ್ಕೇ ಬರಲಿ, ಬಾಗಿಲು ತೆರೆಯುವುದಕ್ಕೂ ಕಾವಲಿಯ ಮೇಲೆ ಮೊದಲ ದೋಸೆ ಚುಂಯ್ ಎನ್ನುವುದಕ್ಕೂ ಸರಿಹೋಗುತ್ತಿತ್ತು. ಎಂಜಿನಿಯರನಾದವನು ಇದು ಹೇಗೆ ಸಾಧ್ಯ ಎಂದು ಯೋಚಿಸಬೇಕಿತ್ತು. ನಾನು ದಾಂಪತ್ಯದ ಸಾಮರಸ್ಯ ಎಂದರೆ ಇದೇ ಇರಬೇಕೆಂದು ತಿಳಿದು ಚಟ್ನಿ ಬಡಿಸಿಕೊಳ್ಳುತ್ತಿದ್ದೆ.

ಮಗಳು ಅಪರ್ಣ ಹುಟ್ಟಿದ ಮೇಲೆ, ಎರಡೇ ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಕೂಸನ್ನು ತೂರಿಸುವುದು ಪ್ರತಿ ಸಲವೂ ಒಂದು ಸರ್ಕಸ್ಸಾಯಿತು. ಪೈಲ್ವಾನನನ್ನು ಆಫೀಸಿನ ಗೆಳೆಯ ರಾನ್ ಎಂಬಾತನಿಗೆ ಮಾರಿ, ಕಂದು ಬಣ್ಣದ ಒಂದು ಸ್ಟೇಷನ್ ವ್ಯಾಗನ್ ತಂದೆ. ಅದು ನನ್ನಂಥದೇ ಕಾರು. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಹೀಗೆ ಎಂಬತ್ತರ ದಶಕದ ನಡು ಬಂತು. ರಾನ್ ಊರು ಬಿಟ್ಟು ಹೋಗುವವನಿದ್ದ. ಬೀಳ್ಕೊಡಲು ಲಾಸ್ ಆಲ್ಟೋಸಿನ ಅವನ ಮನೆಗೆ ಹೋದರೆ, ಹಿತ್ತಲಿನ ಬೇಲಿಯ ಪಕ್ಕ ಟಾರ್ಪಾಲಿನ ಕೆಳಗೆ ಉದ್ದನೆಯ ಮೂತಿಯೊಂದು ಕಂಡಿತು. ಟಾರ್ಪಾಲು ಎತ್ತಿದೆ. ಟೈರುಗಳು ಕುಸಿದಿದ್ದವು. ಹಳದಿ ಮಾಸಿತ್ತು. ಎಂಜಿನ್ನು ಕೆಟ್ಟು ಕೂತು ವರ್ಷಗಳಾಗಿದ್ದವಂತೆ. ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ವಿಮಲ ನಂಬುವುದಿಲ್ಲ. ಧೂಳು ಬಹಳ ಇತ್ತು ಎಂದು ಬರೆಯುತ್ತೇನೆ. ಮರುದಿನ ಪೈಲ್ವಾನ ಸರಪಳಿಯಲ್ಲಿ ಎಳೆಸಿಕೊಂಡು ನಮ್ಮ ಸ್ವಂತ ಮನೆಯ ಗರಾಜಿಗೆ ಬಂದ.

“ಹಳೇ ಪಾತ್ರೆ ಕೊಟ್ಟು ಹೊಸದು ತಗೊಳ್ಳೋರನ್ನ ನೋಡಿದೀನಿ,” ಎಂದಳು ವಿಮಲ. “ಕೊಟ್ಟ ಹಳೇ ಪಾತ್ರೇನ ಮತ್ತೆ ಹೊತ್ಕೊಂಡು ಬಂದೋರನ್ನ ಇವತ್ತೇ ನೋಡಿದ್ದು.”

“ರಿಪೇರಿ ಆದ ಮೇಲೆ ನೋಡು. ಆಗಿನ ಹಾಗೇ ಇಬ್ಬರೂ ಹೋಗೋಣ. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿ ಬರೋಣ.”

“ಆಗ ಲಿವರ್‌ಮೋರ್‌ನಲ್ಲಿ ದೇವಸ್ಥಾನ ಎಲ್ಲಿತ್ತು?”

“ಸರಿ, ಮತ್ತೆ ಎಲ್ಲಿಗೆ ಹೋಗ್ತಿದ್ವಿ?”

“ಎಲ್ಲಿಗೂ ಹೋಗ್ತಿರ್ಲಿಲ್ಲ ರೀ. ನೀವು ಆಫೀಸಿಗೆ ಹೋಗ್ತಿದ್ರಿ.” ಇಷ್ಟು ಹೇಳಿ ಒಳಗೆ ಹೋಗುತ್ತ, ಬಾಗಿಲಲ್ಲಿ ತಿರುಗಿ ನಿಂತಳು. “ನಾನಂತೂ ಅದ್ರಲ್ಲಿ ಕೂರಲ್ಲ.”

ಮಗಳು ಮಾತ್ರ ಕಾರನ್ನು ಸುತ್ತಿ ಬಂದು, “ಅಪ್ಪಾ, ಇಟ್ಸ್ ಸೋ ಕೂಲ್! ಕ್ಯಾನ್ ಐ ಹ್ಯಾವ್ ಇಟ್ ವೆನ್ ಐ ಆಮ್ ಸಿಕ್ಸ್‌ಟೀನ್?” ಎಂದಳು. ಅದರಿಂದ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು. ಮುಂದಿನ ಸೀಟಿನಲ್ಲಿ ವಿಮಲ ಬಂದು ಕೂರದಿದ್ದರೆ ಈ ಕಾರಿಗೆ ಅರ್ಥವೇ ಇಲ್ಲ. ನಾನು ಸರಿಮಾಡಿಸಲು ಹೊರಟಿದ್ದು ಕಾರನ್ನಲ್ಲ, ಆ ವರ್ಷಗಳನ್ನು.

ಕೆಲಸಕ್ಕೆ ಒದಗಿ ಬಂದವರು ಡಾಕ್ಟರ್ ದೇಸಾಯರು. ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ, ಆಪರೇಷನ್ನಿಗೆ ಮೊದಲು ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು. ಅವರ ತಂದೆಗೆ ಹುಬ್ಬಳ್ಳಿಯಲ್ಲಿ ಎರಡು ಬಸ್ಸುಗಳಿದ್ದವಂತೆ. ಬಾಲ್ಯದ ಬಹುಭಾಗ ಬಸ್ಸಿನ ಕೆಳಗೆ ಮಲಗಿಯೇ ಕಳೆದಿತ್ತು. “ದವಾಖಾನ್ಯಾಗ ನನ್ನ ಪೇಷಂಟು ಮಾತಾಡೂದಿಲ್ಲ, ಮೂರ್ತಿಯವರ,” ಎನ್ನುತ್ತಿದ್ದರು. “ನಾನ ಮಲಗಿಸಿರ್ತೀನಿ. ಇಲ್ಲಿ ಎಂಜಿನ್ನರೆ ಮಾತಾಡತದ.” ಪ್ರತಿ ಶನಿವಾರ ಬರುತ್ತಿದ್ದರು. ಎಂಜಿನ್ ಇಳಿಸಿ, ಬಿಚ್ಚಿ, ಸಿಲಿಂಡರುಗಳನ್ನು ಹೊಸದಾಗಿ ಕೊರೆಸಿ, ಒಳಗಿನದೆಲ್ಲ ಹೊಸದು ಹಾಕುವುದೆಂದಾಯಿತು. ಅದರ ಜೊತೆಗೆ ಆಗ ಇಲ್ಲದಿದ್ದ ಭಾಗ್ಯಗಳು: ಡಿಸ್ಕ್ ಬ್ರೇಕು, ಪವರ್ ಸ್ಟಿಯರಿಂಗು, ಹಾಡು ಕೇಳಲು ಕ್ಯಾಸೆಟ್ ಪ್ಲೇಯರು. ನನ್ನ ಪಾಲಿನ ಕೆಲಸ ಬ್ಯಾಟರಿ ದೀಪ ಹಿಡಿದು ನಿಲ್ಲುವುದು. ಅದರಲ್ಲೂ ಬೈಸಿಕೊಳ್ಳುತ್ತಿದ್ದೆ. “ಬೆಳಕು ಅಳಗ್ಯಾಡಸಬ್ಯಾಡ್ರಿ! ನೀವು ನಡುಗೂದು ನೋಡಿದ್ರ ಆಪರೇಷನ್ ನಿಮಗ ಅದ ಅನಸ್ತದ.”

ಒಂದು ಶನಿವಾರ ವಿಮಲ ಗ್ರೋಸರಿಗೆ ಹೋಗಿದ್ದಳು. ಜಿಡ್ಡು ಹಿಡಿದ ಭಾಗಗಳನ್ನು ತೊಳೆಯಲು ಡಾಕ್ಟರು ಬಿಸಿನೀರು ಹುಡುಕುತ್ತ ಅಡುಗೆಮನೆಗೆ ಹೋದವರು, ಡಿಷ್‌ವಾಷರನ್ನು ಕಂಡು ನಿಂತರು. ನಮ್ಮವರೆಲ್ಲರ ಮನೆಯ ಹಾಗೆ ನಮ್ಮಲ್ಲೂ ಅದು ಪಾತ್ರೆ ತೊಳೆಯುವ ಯಂತ್ರವಾಗಿರಲಿಲ್ಲ, ಪಾತ್ರೆ ಇಡುವ ಬೀರುವಾಗಿತ್ತು. ಕುಕ್ಕರಿನ ಬಟ್ಟಲು, ಇಡ್ಲಿ ತಟ್ಟೆ, ಸ್ಟೀಲಿನ ಡಬ್ಬಿಗಳೆಲ್ಲ ಹೊರಗೆ ಬಂದವು. ಎಂಜಿನ್ನಿನ ಮುಚ್ಚಳಗಳು ಒಳಗೆ ಹೋದವು. ವಿಮಲ ಚೀಲ ಹಿಡಿದು ಒಳಗೆ ಬರುವುದಕ್ಕೂ ಅದು ಸದ್ದು ಮಾಡುತ್ತ ಅಲುಗಾಡುವುದಕ್ಕೂ ಸರಿಹೋಯಿತು.

“ಡಾಕ್ಟ್ರೇ! ಈ ಮನೆಗೆ ಬಂದಾಗಿಂದ ನಾನು ಅದನ್ನ ಒಂದ್ಸಲಾನೂ ಹಾಕಿಲ್ಲ!”

“ಅದಕ್ಕ ನೋಡ್ರಿ ವೈನಿಯವರ, ಭಾಳ ಛಲೋ ಕೆಲಸಾ ಮಾಡ್ಲಿಕತ್ತದ!”

ಆ ರಾತ್ರಿ ಊಟಕ್ಕೆ ನನಗೆ ಮೊಸರನ್ನ ಸಿಕ್ಕಿತು. ಡಾಕ್ಟರಿಗೆ ಬಿಸಿಬೇಳೆಬಾತು ಡಬ್ಬಿ ತುಂಬಿ ಹೋಯಿತು. ಅತಿಥಿಗಳ ಪಾಪ ಮನೆಯವರ ಲೆಕ್ಕಕ್ಕೆ ಸೇರುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ.

ಕೊನೆಗೂ ಎಂಜಿನ್ನು ಸ್ಟಾರ್ಟಾಯಿತು. ಒಂದು ಒಡಕಿಲ್ಲ, ಒಂದು ಬಡಿತವಿಲ್ಲ. ತುಂಬಿದ ಕೊಳಗದಲ್ಲಿ ಸಾರು ಕುದಿಯುವ ಹಾಗೆ ಒಂದೇ ಸಮನೆ ಗುನುಗು. “ಕೇಳ್ರಿ, ಕೂಸು ಮಲಗಿದಂಗ ಅದ,” ಎಂದು ದೇಸಾಯರು ಕಣ್ಣು ಮುಚ್ಚಿ ನಿಂತರು. ನಾನು ಅದನ್ನು ಫ್ರೀವೇಗೆ ತೆಗೆದುಕೊಂಡು ಹೋದೆ. ಹಳೆಯ ಅಭ್ಯಾಸದಲ್ಲಿ ಕಾಲಿಟ್ಟೆ. ಆಮೇಲೆ ಆದದ್ದನ್ನು ನಾನು ಕ್ರಮವಾಗಿ ಹೇಳಲಾರೆ. ಬೆನ್ನು ಸೀಟಿಗೆ ಅಂಟಿತು, ಮುಂದಿದ್ದ ಲಾರಿ ಹಿಂದಕ್ಕೆ ಹೋಯಿತು, ಕನ್ನಡಕ ಮೂಗಿನ ಬುಡಕ್ಕೆ ಒತ್ತಿಕೊಂಡಿತು. ಮೊದಲು ಸಿಕ್ಕ ದಾರಿಯಲ್ಲಿ ಇಳಿದು, ಒಂದು ಡೋನಟ್ ಅಂಗಡಿಯ ಮುಂದೆ ನಿಲ್ಲಿಸಿ, ಎರಡು ಡೋನಟ್ ತಿಂದು ಮುಗಿಸುವವರೆಗೆ ಕೂತಿದ್ದೆ.

ಸೋಮವಾರ ಅದರಲ್ಲೇ ಆಫೀಸಿಗೆ ಹೋಗಿ, ಸಂಜೆ ಮರಳಿದೆ. ಗರಾಜಿನಲ್ಲಿ ನಿಲ್ಲಿಸಿ ಅಡುಗೆಮನೆಯ ಬಾಗಿಲು ತೆರೆದೆ. ಹತ್ತು ವರ್ಷ ಹಿಂದಕ್ಕೆ ಹೋಗಲು ನನ್ನ ಮೂಗು ಸಿದ್ಧವಾಗಿತ್ತು. ವಿಮಲ ಬೆಚ್ಚಿಬಿದ್ದಳು. ಸೌಟು ಕೆಳಗೆ ಬಿತ್ತು.

“ಅಯ್ಯೋ, ಯಾವಾಗ ಬಂದ್ರಿ?”

“ಕಾರಿನ ಸದ್ದು ಕೇಳಿಸ್ಲಿಲ್ವಾ?”

“ಯಾವ್ದೋ ಕಾರು ಬಂತು ಅನ್ಕೊಂಡೆ. ನಮ್ಮದಾಗಿದ್ರೆ ಕೆಮ್ಮಬೇಕಿತ್ತಲ್ಲ?”

ಆಗ ನನಗೆ ನೆನಪಾಯಿತು. ಆ ಕಾಲದಲ್ಲಿ ಪೈಲ್ವಾನನ ಎಂಜಿನ್ನಿನಲ್ಲಿ ಒಂದು ವಾಲ್ವು ಸಡಿಲವಾಗಿ, ಗುಡುಗಿನ ನಡುವೆ ಟಕ್ ಟಕ್ ಎನ್ನುತ್ತಿತ್ತು. ಅಪಾಯವಿಲ್ಲ ಎಂದು ಯಾರೋ ಹೇಳಿದ್ದರಿಂದ ನಾನು ಹಾಗೇ ಬಿಟ್ಟಿದ್ದೆ.

“ಅಪಾರ್ಟ್‌ಮೆಂಟ್ ಪಕ್ಕದ ಸಿಗ್ನಲ್ ಹತ್ರ ತಿರುಗುವಾಗ್ಲೇ ನನಗೆ ಕೇಳಿಸೋದು,” ಎಂದಳು ವಿಮಲ, ಸೌಟು ತೊಳೆಯುತ್ತ. “ಕೇಳಿಸಿದ ತಕ್ಷಣ ಕಾವಲಿ ಇಡ್ತಿದ್ದೆ.”

“ಅದಕ್ಕೇನಾ ದೋಸೆ ಅಷ್ಟು ಸರಿಯಾಗಿ…”

“ಕಾವಲಿ ಇಟ್ಟು, ಅದು ಕಾಯೋದ್ರೊಳಗೆ ಮುಖ ತೊಳ್ಕೊಳ್ತಿದ್ದೆ.”

“ಮುಖ ಯಾಕೆ?”

“ಅತ್ತ ಮುಖ ಇಟ್ಕೊಂಡು ನಿಮ್ಮ ಮುಂದೆ ಬರೋಕಾಗುತ್ತಾ? ಮಧ್ಯಾಹ್ನವೆಲ್ಲ ಒಬ್ಬಳೇ ಗೋಡೆ ನೋಡ್ತಾ ಕೂತಿರ್ತಿದ್ದೆ. ಮನುಷ್ಯರ ದನಿನೇ ಇಲ್ಲ. ಮೈಸೂರಿಗೆ ಫೋನು ಅಂದ್ರೆ ಆಗ ಏನು ಸುಲಭವಾ?”

ಹಿಟ್ಟಿಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲೇ ಇದನ್ನು ಹೇಳಿದಳು. ನಾನು ಬೀಗದ ಕೈ ಹಿಡಿದುಕೊಂಡು ನಿಂತಿದ್ದೆ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಅವೇ ವರ್ಷಗಳನ್ನು ಇಬ್ಬರೂ ಕಳೆದಿದ್ದೆವು. ನನ್ನ ಪಾಲಿನ ವರ್ಷಗಳಿಗೆ ಮಾತ್ರ ಯಾರೋ ಪಾಲಿಶ್ ಮಾಡಿಟ್ಟಿದ್ದರು.

“ಆಮೇಲೆ?” ಎಂದೆ.

“ಆಮೇಲೆ ಅಪರ್ಣ ಹುಟ್ಟಿದ್ಲು. ಅಳೋಕೆ ಪುರುಸೊತ್ತು ಎಲ್ಲಿತ್ತು? ಅವಳೇ ಅಳ್ತಿದ್ಲು.” ನಕ್ಕಳು. ನಗು ನಿಲ್ಲಿಸಿ, “ಆದ್ರೂ ರೀ, ಆ ಸದ್ದು ಕೇಳಿದ್ರೆ ಸಾಕು, ಇವತ್ತಿನ ದಿನ ಮುಗೀತು, ಮನೆಗೆ ಒಬ್ರು ಬಂದ್ರು ಅನ್ನಿಸೋದು. ಇಡೀ ಕಾರಲ್ಲಿ ನನಗೆ ಬೇಕಾಗಿದ್ದು ಅದೊಂದೇ. ಅದನ್ನೇ ತೆಗೆಸಿಬಿಟ್ರಲ್ಲ,” ಎಂದಳು.

ಮುಂದಿನ ಶನಿವಾರ ದೇಸಾಯರು ನನ್ನ ಕೋರಿಕೆಯನ್ನು ಪೂರ್ತಿ ಕೇಳಿ, ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. “ಕೆಮ್ಮು ಹೋಗಸ್ರಿ ಅಂತ ಬಂದವರನ್ನ ಭಾಳ ಮಂದಿ ನೋಡೀನಿ. ಆರಾಮ ಇದ್ದವಗ ಕೆಮ್ಮು ಬರಸ್ರಿ ಅನ್ನಾವ್ರು ನೀವ ಮೊದಲು.” ಆದರೂ ಮುಚ್ಚಳ ಬಿಚ್ಚಿದರು. ಎಂಜಿನ್ನು ಓಡುತ್ತಿರುವಂತೆಯೇ ಒಂದು ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಬೇಕು. ಬಿಸಿ ಎಣ್ಣೆ ಚಿಮ್ಮಿ ನನ್ನ ಅಂಗಿಯ ಮೇಲೆ ಬಿತ್ತು, ಏಕೆಂದರೆ ಬ್ಯಾಟರಿ ಹಿಡಿದವನು ನಾನೇ. ವಿಮಲ ಅಡುಗೆಮನೆಯಲ್ಲೇ ನಿಂತು, ಬಾಗಿಲು ಅರ್ಧ ತೆರೆದು ಕೇಳುತ್ತಿದ್ದಳು. ಮೈಸೂರಿನಲ್ಲಿ ವೀಣೆ ಕಲಿತವಳು.

“ಇದಲ್ಲ ಡಾಕ್ಟ್ರೇ, ಇದು ಜಾಸ್ತಿ ಆಯ್ತು. ಇದು ಕ್ಷಯದ ಕೆಮ್ಮು. ನಮ್ಮದು ಬರೀ ನೆಗಡಿ.”

“ವೈನಿಯವರ, ಇದೇನು ಎಂಜಿನ್ನೋ ತಂಬೂರಿಯೋ?”

“ಒಂಚೂರು ಬಿಗಿ ಮಾಡಿ… ಹಾಂ! ಅಲ್ಲೇ ಬಿಡಿ! ಮುಟ್ಟಬೇಡಿ!”

ಟಕ್ ಟಕ್. ನನಗೂ ಗುರುತು ಸಿಕ್ಕಿತು. ಮುಚ್ಚಳ ಹಾಕಿ ಮುಗಿಸುವಷ್ಟರಲ್ಲಿ ವಿಮಲ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

“ಎಲ್ಲಿಗೆ?” ಎಂದೆ.

“ಇಲ್ಲಿನ ಸಿಗ್ನಲ್‌ವರೆಗೆ ಹೋಗಿ ಬರೋಣ. ಆಗೆಲ್ಲ ಕಿವಿಗೊಟ್ಟು ಕೇಳ್ತಿದ್ದಿದ್ದು ಹೊರಗಿಂದಲೇ. ಒಳಗಿಂದ ಹೇಗಿರುತ್ತೋ ನೋಡ್ಬೇಕು.”

ಸಿಗ್ನಲ್ ದಾಟಿ ಲಿವರ್‌ಮೋರ್‌ವರೆಗೂ ಹೋದೆವು. ಇಡೀ ದಾರಿ ಐವತ್ತರ ಮೇಲೆ ಹೋಗಲಿಲ್ಲ. ಕ್ಯಾಸೆಟ್ ಹಾಕಬೇಡಿ ಎಂದಳು.

ಈಗ ಪೈಲ್ವಾನ ದಿನವೂ ನನ್ನನ್ನು ಆಫೀಸಿಗೆ ಕರೆದೊಯ್ದು, ಸಂಜೆ ಸಿಗ್ನಲ್ಲಿನಲ್ಲಿ ತಿರುಗುವಾಗ ಕೆಮ್ಮಿ ನನ್ನ ಆಗಮನವನ್ನು ಸಾರುತ್ತಾನೆ. ವಿಮಲ ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ನನಗಿಂತ ಮೊದಲೇ ಮನೆ ಸೇರುತ್ತಾಳೆ. ನಾನು ಒಳಗೆ ಬರುವ ಹೊತ್ತಿಗೆ ಅಪರ್ಣ ಮೇಜಿನ ಮುಂದೆ ಲೆಕ್ಕ ಮಾಡುತ್ತಿರುತ್ತಾಳೆ, ವಿಮಲ ಗಂಭೀರವಾಗಿ ಬಟ್ಟೆ ಮಡಿಸುತ್ತಿರುತ್ತಾಳೆ. ಮನೆ ಶಾಂತವಾಗಿರುತ್ತದೆ. ನಾನು ಟಿ.ವಿ.ಯ ನೆತ್ತಿಯ ಮೇಲೆ ಕೈ ಇಟ್ಟು ನೋಡುತ್ತೇನೆ, ಬಿಸಿಯಾಗಿರುತ್ತದೆ: ಕೆಮ್ಮು ಕೇಳಿದ ಮೇಲೆ ಆರಿಸಿದ್ದು. ಅಡುಗೆಮನೆಗೆ ಹೋಗಿ ಕಾವಲಿಯ ಮೇಲೆ ಇಟ್ಟು ನೋಡುತ್ತೇನೆ, ತಣ್ಣಗಿರುತ್ತದೆ. ಎಚ್ಚರಿಕೆಯ ಮನುಷ್ಯನಾದ್ದರಿಂದ ಎರಡನ್ನೂ ಇನ್ನೊಮ್ಮೆ ಮುಟ್ಟಿ ನೋಡಿ, ಫ್ರಿಜ್ಜಿನಿಂದ ಹಿಟ್ಟು ತೆಗೆದು, ಕಾವಲಿಯನ್ನು ಒಲೆಯ ಮೇಲೆ ನಾನೇ ಇಡುತ್ತೇನೆ.